ಸಪ್ಪೆ ನೀರು

ಮಾವ ಬೊಗಸೆ ನೀರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ತೂಬಿನ ಕಟ್ಟೆಯ ಮೇಲೆ ನಿಂತಿದ್ದ ಸೊಸೆ ಅವರ ಮುಖವನ್ನೇ ನೋಡುತ್ತ ಕಾದಳು.

"ಸಿಹಿನೀರು," ಎಂದವರೇ ಚಕ್ರ ತಿರುಗಿಸಿ ಬಾಗಿಲು ಎತ್ತಿದರು. ಹೊಳೆಯ ನೀರು ಕೆರೆಗೆ ನುಗ್ಗಿತು.

ಮೂವತ್ತು ವರ್ಷದಿಂದ ತೂಬಿನ ಕಾವಲು ಅವರದೇ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರದ ನೀರು ಒಳಗೇರಿ ಬರುತ್ತದೆ. ಉಪ್ಪಿದ್ದರೆ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಕೆರೆ ತುಂಬಿಸಬೇಕು. ಉಪ್ಪು ಅಳೆಯಲು ಪಂಚಾಯಿತಿ ಕಚೇರಿ ಕೊಟ್ಟಿದ್ದ ಮೀಟರು ಕೆಟ್ಟು ಮೂಲೆ ಸೇರಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾವನ ನಾಲಿಗೆಯ ಮೇಲೆ ಊರಿಗೆ ಅಷ್ಟು ನಂಬಿಕೆ.

ಸೊಸೆ ಹೊಳೆಯ ಮೇಲ್ಭಾಗದ, ಉಪ್ಪುನೀರು ಮುಟ್ಟದ ಊರಿನವಳು, ಹೋದ ವರ್ಷವಷ್ಟೇ ಮದುವೆಯಾಗಿ ಬಂದವಳು. ಕೆರೆಯ ನೀರು ಹಾಕಿ ತರಕಾರಿ ಸಸಿ ಬೆಳೆಸಿ ಮಾರುತ್ತಿದ್ದಳು. ಈಗ ಟೊಮೆಟೊ ಸಸಿಗಳ ಎಲೆಯಂಚು ಸುಟ್ಟಂತೆ ಕಂದಿ, ನಾಲ್ಕು ಸಾಲು ಮಲಗಿಬಿಟ್ಟಿದ್ದವು. ಕೆರೆಯ ದಡದ ತುಂಬ ಬಸವನಹುಳುಗಳ ಖಾಲಿ ಚಿಪ್ಪು. ಕಪ್ಪೆಗಳ ಸದ್ದೇ ಇರಲಿಲ್ಲ.

"ಮಾವ, ನಂಗ್ಯಾಕೋ ಈ ನೀರು ಉಪ್ಪು ಅನ್ಸತ್ತೆ."

"ನಿನ್ನ ಸಾರಿಗೇ ಉಪ್ಪು ಸಾಲಲ್ಲ ಅಂತ ದಿನಾ ಒದ್ದಾಡ್ತೀನಿ. ನೀನು ನಂಗೆ ನೀರಿನ ಪಾಠ ಹೇಳ್ತೀಯಾ!" ಎಂದು ಮಾವ ನಕ್ಕರು.

ಅವಳಿಗೆ ಸಿಟ್ಟು ಬಂತು, ಜೊತೆಗೆ ಒಂದು ಅನುಮಾನವೂ. ಭಾನುವಾರ ತವರಿಗೆ ಹೋದವಳು ಅಲ್ಲಿನ ಬಾವಿ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದಳು. ಊಟಕ್ಕೆ ಕೂತ ಮಾವನ ಲೋಟಕ್ಕೆ ಸದ್ದಿಲ್ಲದೆ ಅದನ್ನೇ ಸುರಿದಳು.

ಒಂದು ಗುಟುಕಿಗೇ ಅವರು ಮುಖ ಕಿವುಚಿದರು. "ಏನಮ್ಮ ಇದು, ಇಷ್ಟು ಸಪ್ಪೆ?"

"ನಮ್ಮೂರಿನ ಬಾವಿ ನೀರು ಮಾವ. ಹರೆಯದಲ್ಲಿ ದೋಣಿ ಹೊಡ್ಕೊಂಡು ಬಂದು ಕುಡಿದಾಗ ಕಲ್ಲುಸಕ್ಕರೆ ಅನ್ಸಿತ್ತು ಅಂತ ನೀವೇ ಹೇಳ್ತಿರ್ತೀರಲ್ಲ."

ಅವರು ಇನ್ನೊಂದು ಗುಟುಕು ಕುಡಿದು ನೋಡಿದರು, ಮತ್ತೊಂದು. "ನೀರು ವರ್ಷ ವರ್ಷ ಚೂರು ಚೂರೇ ಉಪ್ಪಾಗಿದೆ. ನನ್ನ ನಾಲಿಗೆನೂ ಅದ್ರ ಜೊತೆಗೇ ಉಪ್ಪಿಗೆ ಒಗ್ಗಿ ಹೋಗ್ಬಿಟ್ಟಿದೆ," ಎಂದರು ಮೆಲ್ಲಗೆ. ಗೆದ್ದ ಖುಷಿ ಅವಳ ಹತ್ತಿರವೂ ಸುಳಿಯಲಿಲ್ಲ.

ಊಟ ಅರ್ಧಕ್ಕೇ ಬಿಟ್ಟು ಹೋಗಿ ಮಾವ ತೂಬಿನ ಬಾಗಿಲು ಇಳಿಸಿದರು. ಮರುದಿನ ಊರವರೆದುರು, "ತಪ್ಪು ನಂದೇ. ಇನ್ಮೇಲೆ ನೀರು ನೋಡೋದು ನನ್ನ ಸೊಸೆ," ಎಂದರು. ಹೊಸ ಮೀಟರಿಗೂ ಅರ್ಜಿ ಬರೆದರು, ಆದರೆ ಅದು ಬರುವವರೆಗೆ ಅವಳ ನಾಲಿಗೆಯೇ ಗತಿ. ಬೇಸಿಗೆಯಿಡೀ ಅವಳು ಹೊಳೆಯ ನೀರನ್ನು ಬಾಯಿಗೆ ಹಾಕಿಕೊಂಡು ಉಗಿದಳು, ಅವರು ಬಾಗಿಲು ಮುಚ್ಚಿಯೇ ಇಟ್ಟರು. ಕೆರೆ ತಳ ಕಾಣುವ ಹಾಗಾದರೂ ಬಾಗಿಲು ಎತ್ತಿ ಅಂತ ಯಾರೂ ಕೇಳಲಿಲ್ಲ.

ಆಮೇಲೆ ಮಳೆ ಬಂತು. ಹೊಳೆ ಕೆಂಪಾಗಿ ಹರಿದು ತಿಳಿಯಾಯಿತು. ಬಾಗಿಲು ಎತ್ತಿದರು, ಕೆರೆ ಎರಡು ಸಲ ಕೋಡಿ ಹರಿಯಿತು. ಒಂದು ಬೆಳಿಗ್ಗೆ ಮಾವ ಕೆರೆಯಿಂದಲೇ ಲೋಟ ತುಂಬಿ, ದಡದಲ್ಲಿ ನಿಂತಿದ್ದ ಅವಳ ಮುಂದೆ ಹಿಡಿದರು. ಅವಳು ಬಾಯಿಗೆ ಹಾಕಿಕೊಂಡಳು. ಉಗಿಯಲಿಲ್ಲ.

"ಏನಾಯ್ತು? ಬೇಗ ಹೇಳಮ್ಮ."

ಅವಳು ಲೋಟ ಬರಿದು ಮಾಡಿ ಬಾಯೊರೆಸಿಕೊಂಡಳು. "ಇನ್ನೊಂದು ಲೋಟ ಕೊಡಿ ಮಾವ."

ಮಾವ ನೀರಿನಂಚಿನಲ್ಲಿ ಮಂಡಿಯೂರಿ, ತುಳುಕುವಷ್ಟು ತುಂಬಿದರು.