ಏಳು ಅಂದರೆ ಎಂಟು

ಗೊಬ್ಬೂರ ದಾಟಿ ಅಫಜಲಪುರದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಆ ವೃದ್ಧಾಶ್ರಮವಿತ್ತು. ಅಲ್ಲಿ ಹೀರಾಬಾಯಿಯ ಕೆಲಸ ಏನೆಂಬುದು ಅಲ್ಲಿದ್ದ ಮುದುಕರಿಗೇ ಸರಿಯಾಗಿ ಗೊತ್ತಿರಲಿಲ್ಲ. ಕೆಲವರು ಮಾಲೀಸಬಾಯಿ ಎನ್ನುತ್ತಿದ್ದರು, ಕೆಲವರು ಕಸರತ್‌ಬಾಯಿ. ಗುಲಬರ್ಗಾದ ದವಾಖಾನೆಯಲ್ಲಿ ಫಿಜಿಯೋಥೆರಪಿ ಕಲಿತು, ಮುರಿದ ಸೊಂಟ, ಬಿದ್ದ ಕೈಕಾಲು ತಿದ್ದುತ್ತ ಅರ್ಧ ಆಯುಷ್ಯ ಕಳೆದವಳು ತಾನು ಎಂದು ಹೇಳಿದರೆ, "ಹೌದೇನ್ ಬೇ? ಹಂಗಾರ ನನ್ನ ಬೆನ್ನಿಗಿ ಒಂದೀಟ ಎಣ್ಣಿ ಹಚ್ಚು" ಎಂದು ಬೆನ್ನು ತಿರುಗಿಸುತ್ತಿದ್ದರು. ಹೇಳಿ ಹೇಳಿ ಬಾಯಿ ಸೋತ ಮೇಲೆ ಆಕೆ ಸುಮ್ಮನೆ ಎಣ್ಣೆ ಹಚ್ಚತೊಡಗಿದಳು. ಐವತ್ತರ ಹತ್ತಿರ ಬಂದಿದ್ದಳು. ಸಂಜೆಯಾದರೆ ಸ್ವಂತ ಸೊಂಟವೇ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಎಣ್ಣೆ ಹಚ್ಚುವವರು ಯಾರೂ ಇರಲಿಲ್ಲ.

ಆಕೆಯನ್ನು ಎಲ್ಲರಿಗಿಂತ ಹೆಚ್ಚು ದಣಿಸಿದವನು ಚಂದ್ರಾಮಪ್ಪ. ಆಳಂದದ ಅಡತಿ ಅಂಗಡಿಯಲ್ಲಿ ಜನ್ಮವೆಲ್ಲ ಜೋಳ ಅಳೆದ ಮನುಷ್ಯ. ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದವು, ಅದರ ಜೊತೆ ಮಾತೂ ಹೋಯಿತು. ಹೆಂಡತಿ ಮಕ್ಕಳು ಇರಲಿಲ್ಲ. ಅಂಗಡಿಯವರು ಒಂದು ಟ್ರಂಕಿನ ಸಮೇತ ತಂದು ಇಲ್ಲಿ ಇಳಿಸಿ ಹೋಗಿದ್ದರು. ಹೆಸರು ಕೇಳಿದರೂ ಮಾತಿಲ್ಲ, ನೀರು ಬೇಕೇ ಎಂದರೂ ಮಾತಿಲ್ಲ. ಹೀರಾಬಾಯಿ ಮೊದಲ ದಿನ ಆತನ ಕಾಲನ್ನು ಎತ್ತಿ ಹಿಡಿದು "ಒಂದ" ಎಂದಾಗ ಮಾತ್ರ ಆ ಬಾಯಿಂದ "ಲಾಭ" ಎಂದು ಬಂತು. ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡ, ಮೂರ, ನಾಕ ಎಂದು ಸರಾಗವಾಗಿ ಹತ್ತರವರೆಗೆ ಹೋದ. ಮಾತು ಹೋದವರಲ್ಲಿ ಕೆಲವರಿಗೆ ಎಣಿಕೆ ಉಳಿದಿರುತ್ತದೆ ಎಂದು ಹೀರಾಬಾಯಿಗೆ ಗೊತ್ತಿತ್ತು. ಆದರೂ ಅವತ್ತು ಬಹಳ ಖುಷಿಯಾಯಿತು.

ಎಡವಟ್ಟಾದದ್ದು ಏಳರಲ್ಲಿ. ಕನ್ನಡಕ್ಕೆ ಅದೇನು ಶಬ್ದದ ಬರವೋ! ಆರಾದ ಮೇಲೆ ಬರುವುದೂ ಏಳು, ಕೂತವನನ್ನು ಎಬ್ಬಿಸುವುದೂ ಏಳು. ಒಂದು ಮುಂಜಾನೆ ಮಂಚದ ಅಂಚಿಗೆ ಕೂತು ಚಂದ್ರಾಮಪ್ಪ ಕಾಲು ಚಾಚಿ ಮಡಿಸುತ್ತಿದ್ದ. ಹೀರಾಬಾಯಿ ಎಣಿಸುತ್ತಲೇ ಟವೆಲ್ ತೆಗೆದುಕೊಳ್ಳಲು ಬಗ್ಗಿದಳು. "ಆರ, ಏಳ" ಎಂದಳು. ಹೇಳಿದ ಮಾತು ಕೇಳುವ ಮನುಷ್ಯ ಅವನು. ಎಡಗೈಯಿಂದ ಮಂಚ ಒತ್ತಿ ಎದ್ದೇಬಿಟ್ಟ. ಬಲಗಾಲಿಗೆ ಆಗಿನ್ನೂ ಬಲ ಬಂದಿರಲಿಲ್ಲ, ಮೈಯ ಭಾರ ತಾಳದೆ ಬಿದ್ದ. ಹುಬ್ಬು ಒಡೆದು ಫರಸಿಯ ಮೇಲೆ ರಕ್ತ ಹರಿಯಿತು.

ಅವತ್ತಿನಿಂದ ಹೀರಾಬಾಯಿಯ ಎದೆಯಲ್ಲಿ ಹೆದರಿಕೆ ಕೂತಿತು. ದಿನಾ ಅವನ ಎರಡೂ ಮೊಣಕಾಲು ಒತ್ತಿ ಹಿಡಿದು ಪಾಠ ಮಾಡಿದಳು. "ಮುತ್ಯಾ, ನಾ ಏಳ ಅಂದ್ರ ನೀವು ಏಳಬಾರದ್ರಿ. ಎಂಟ ಅನ್ಬೇಕು. ಏಳ ಅಂದ್ರ?"

"ಎಂಟ."

"ಶಾಬಾಸ್. ಕುಂತೇ ಇರ್ಬೇಕು."

ಕಾಲಿಗೆ ಬಲ ಬಂದ ಮೇಲೂ ಆಕೆ ಬಾಯಿಮಾತಿನಿಂದ ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಅವನ ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿ, ಅದನ್ನು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದಳು. ಜಗ್ಗಿದರೆ ಚಂದ್ರಾಮಪ್ಪ ಏಳುತ್ತಿದ್ದ, ಪಡಸಾಲೆಯ ತುದಿಯವರೆಗೆ ನಡೆಯುತ್ತಲೂ ಇದ್ದ. ಇನ್ನೇನು ಬೇಕು ಎಂದುಕೊಂಡಿದ್ದಳು.

ಬೇಕಾಗಿದ್ದು ಬಸವಂತರಾಯರಿಗೆ. ಅವರು ಆಶ್ರಮದ ಟ್ರಸ್ಟಿನ ಹಿರಿಯರು, ಕೆಟ್ಟವರಲ್ಲ. ಹಿಂದಿನ ಚಳಿಗಾಲದಲ್ಲಿ ಮಲಗಿದಲ್ಲೇ ಮಲಗಿದ್ದ ಗುರಮ್ಮ ಎಂಬ ಮುದುಕಿ ಬೆನ್ನು ಹುಣ್ಣಾಗಿ ನರಳಿ ಸತ್ತಿದ್ದಳು. ಅದನ್ನು ನೋಡಿದ ಮೇಲೆ ಅವರು ಒಂದು ನಿಯಮ ಮಾಡಿದ್ದರು. ತಾವಾಗಿ ಎದ್ದು ಪಾಯಖಾನೆಗೆ ಹೋಗಲಾರದವರನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ಗುಲಬರ್ಗಾದ ದವಾಖಾನೆಗೆ ಕಳಿಸಬೇಕು. ಅಲ್ಲಿನ ಜನರಲ್ ವಾರ್ಡನ್ನು ಹೀರಾಬಾಯಿ ಕಂಡವಳು. ಹೇಳಿಕೊಳ್ಳಲು ಬಾಯಿ ಇಲ್ಲದ, ಕೇಳಲು ಜನ ಇಲ್ಲದ ಮುದುಕ ಅಲ್ಲಿ ಎಷ್ಟು ದಿನ ಬಾಳುತ್ತಾನೆ ಎಂಬುದು ಆಕೆಗೆ ಗೊತ್ತಿತ್ತು.

ಒಂದು ದಿನ ಚಂದ್ರಾಮಪ್ಪನನ್ನು ಪರೀಕ್ಷಿಸಲೆಂದು ರಾಯರು ಬಂದು ಮಂಚದ ಎದುರಿಗೆ ಖುರ್ಚಿ ಹಾಕಿಸಿಕೊಂಡು ಕೂತರು. ಹೀರಾಬಾಯಿ ಪಟ್ಟಿ ಕಟ್ಟಲು ಹೋದಳು.

"ಅದು ಬ್ಯಾಡ್ರಿ ಹೀರಾಬಾಯಿ. ಕೈ ಹಚ್ಚಬ್ಯಾಡ್ರಿ. ನೀವು ರಾತ್ರಿ ಇಲ್ಲಿ ಇರ್ತೀರೇನು? ತಾನ ಎದ್ದು ನಿಂತ್ರ ಇಲ್ಲೇ ಇರ್ಲಿ."

ಹೀರಾಬಾಯಿ ಪಟ್ಟಿ ಕೆಳಗಿಟ್ಟಳು. "ಮುತ್ಯಾ, ಏಳ್ರಿ" ಎಂದಳು.

ಚಂದ್ರಾಮಪ್ಪ ಆಕೆಯ ಮುಖ ನೋಡಿ "ಎಂಟ" ಎಂದ.

"ಎಣಸೂದಲ್ರಿ ಮುತ್ಯಾ. ಏಳ್ರಿ, ಎದ್ದೇಳ್ರಿ!"

"ಎಂಟ, ಒಂಬತ್ತ, ಹತ್ತ" ಎಂದು ಅವನು ಪೂರ್ತಿ ಮುಗಿಸಿ, ಶಾಬಾಸ್ ಅನ್ನುವಳೆಂದು ಕಾದ.

ಬೇರೆ ಶಬ್ದಕ್ಕಾಗಿ ಹೀರಾಬಾಯಿ ತಡಕಾಡಿದಳು. "ನಿಂದರ್ರಿ ಮುತ್ಯಾ, ನಿಂದರ್ರಿ" ಎಂದಳು. ಈ ಕಡೆ ನಿಂದರ್ರಿ ಎಂದರೆ ಎದ್ದು ನಿಲ್ಲುವುದೂ ಹೌದು, ಮಾಡುತ್ತಿರುವುದನ್ನು ನಿಲ್ಲಿಸುವುದೂ ಹೌದು. ಮುದುಕ ತುಟಿ ಮುಚ್ಚಿ ಮಿಸುಕದೆ ಕೂತ. ಆಕೆ ಕೈಯನ್ನು ಮೇಲಕ್ಕೆತ್ತಿ ಸನ್ನೆ ಮಾಡಿದಳು. ಅವನು ತಲೆ ಎತ್ತಿ ಫ್ಯಾನು ನೋಡಿದ.

"ತಪ್ಪು ನಂದರಿ ಸಾಹುಕಾರ್ರ" ಎಂದಳು. "ನಾನ ಹಂಗ ಕಲಿಸೀನಿ. ಕಾಲಿನ್ಯಾಗ ತಾಕತ್ ಅದರಿ."

"ಇರಬಹುದವ್ವ. ಆದ್ರ ಏಳಲಿಲ್ಲಲ್ಲ." ರಾಯರು ಎದ್ದರು. ಅವರ ದನಿಯಲ್ಲೂ ದಣಿವಿತ್ತು. "ನಾಳಿ ಮುಂಜಾನಿ ಜೀಪ್ ಕಳಸ್ತೇನಿ."

ಮರುದಿನ ಹೀರಾಬಾಯಿ ಮೊದಲ ಬಸ್ಸಿಗೇ ಬಂದಳು. ಚಂದ್ರಾಮಪ್ಪನನ್ನು ಪಟ್ಟಿ ಹಿಡಿದು ಕರೆತಂದು ಪಡಸಾಲೆಯ ಕಂಬದ ಹತ್ತಿರ ಕೂಡಿಸಿ, ಪಟ್ಟಿ ಬಿಚ್ಚಿದಳು. ಧೋತರ ಮಡಿಚಿ ಟ್ರಂಕಿನಲ್ಲಿ ಇಟ್ಟಳು. ಒಂದು ಶಬ್ದಕ್ಕೆ ಒಂದು ಜೀವ ಹೋಗುವಂತಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಜೀಪು ಬಂದು ಪಡಸಾಲೆಗೆ ತಾಗಿ ನಿಂತಿತು. ಡ್ರೈವರ್ ಗೌಸಮೊಹಿದ್ದೀನ ಇಳಿದು ಹಿಂದಿನ ಬಾಗಿಲು ತೆರೆದ. ಆಕೆ ಟ್ರಂಕು ಎತ್ತಲು ಬಗ್ಗಿದಳು. ಏಳು ಎಂದು ಯಾರೂ ಅನ್ನಲಿಲ್ಲ. ಚಂದ್ರಾಮಪ್ಪ ಎಡಗೈಯಿಂದ ಕಂಬ ಹಿಡಿದ, ಎದ್ದ, ನಿಂತ. ಬಲಗಾಲು ಎಳೆಯುತ್ತ ಜೀಪಿನ ಕಡೆ ಹೊರಟ.

"ಅರೆ! ಇವ್ರು ನಡ್ಯಾಕತ್ತಾರಲ್ರಿ ಬಾಯಿಯವ್ರ!" ಎಂದ ಡ್ರೈವರ್. "ಏಳಾಕ ಬರಂಗಿಲ್ಲ ಅಂದಿದ್ರು ಸಾಹುಕಾರ್ರು."

ಹೀರಾಬಾಯಿ ಟ್ರಂಕು ಅಲ್ಲೇ ಬಿಟ್ಟಳು. "ನಿಮ್ಮ ಕಣ್ಣೀಲೆ ನೋಡಿದ್ರಿಲ್ಲ? ಖಾಲಿ ಜೀಪ್ ತಿರುಗಿಸ್ರಿ. ಮುತ್ಯಾ ತಾನ ಎದ್ದಾನ, ಯಾರೂ ಕೈ ಹಚ್ಚಿಲ್ಲಂತ ಸಾಹುಕಾರ್ರಿಗಿ ಹೇಳ್ರಿ. ಇಷ್ಟ ಒಂದು ಪುಣ್ಯಾ ಕಟ್ಕೋರಿ."

"ಖುದಾ ಕಸಂ, ಹೇಳ್ತೇನ್ರಿ. ಅವ್ರು ಮಾತಿನ ಮನುಷ್ಯಾ. ಎದ್ರ ಇರ್ಲಿ ಅಂತ ನನ್ನ ಮುಂದನೂ ಅಂದಾರ."

ಆಕೆಗೆ ನಗು ಬಂತು, ಅಳುವೂ ಬಂತು. ಓಡಿ ಹೋಗಿ ಚಂದ್ರಾಮಪ್ಪನ ಹೆಗಲು ಹಿಡಿದಳು. "ಬರ್ರಿ ಮುತ್ಯಾ, ಒಳಗ ಹೋಗೂನು. ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೀರಿ ನೀವು."

ಮುದುಕ ತಿರುಗಲಿಲ್ಲ. ಎಡಗೈ ಜೀಪಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ತುಟಿ ಬಹಳ ಹೊತ್ತು ನಡುಗಿತು.

"ಆಳಂದ" ಎಂದ.

ಲೆಕ್ಕದ ಆಚೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಇವನನ್ನು ಇಲ್ಲೇ ಉಳಿಸಬೇಕೆಂದು ತಿಂಗಳುಗಟ್ಟಲೆ ಸೊಂಟ ಮುರಿದುಕೊಂಡಿದ್ದಳು ಹೀರಾಬಾಯಿ. ಅವನು ಎದ್ದದ್ದು ಇಲ್ಲಿಂದ ಹೋಗಲಿಕ್ಕೆ. ನಿಮಗೆಲ್ಲಿ ಇರಬೇಕು ಅನ್ನಿಸುತ್ತದೆ ಎಂದು ಈ ಮಾತಿಲ್ಲದವನನ್ನು ಒಂದು ದಿನವೂ ಆಕೆ ಕೇಳಿರಲಿಲ್ಲ. ಕೇಳಿದ್ದರೂ ಏನು ಮಾಡಬಹುದಿತ್ತು? ಜೀಪು ಬಂದದ್ದು ಗುಲಬರ್ಗಾಕ್ಕೆ ಒಯ್ಯಲು. ಆಳಂದದಲ್ಲಿ ಅವನು ಇಳಿದುಕೊಳ್ಳಲು ಒಂದು ಕಟ್ಟೆಯೂ ಇರಲಿಲ್ಲ.

ಆಕೆ ಒಂದೊಂದೇ ಬೆರಳು ಬಿಡಿಸತೊಡಗಿದಳು. ಬಿಗಿದ ಬೆರಳು ಬಿಡಿಸುವುದು ಆಕೆಗೆ ನುರಿತ ಕೆಲಸ. ಆದರೆ ಇದು ಲಕ್ವಾ ಮುಟ್ಟದ ಕೈ, ಅದರಲ್ಲಿ ಬೇಕಾದಷ್ಟು ಬಲವಿತ್ತು. ಕೊನೆಯ ಬೆರಳು ಬಿಡುವಾಗ ಅವನು ಆಕೆಯ ಮುಖ ನೋಡಿ, ಕೇಳುವವನಂತೆ, "ಆಳಂದ?" ಎಂದ.

"ಇಲ್ರಿ ಮುತ್ಯಾ" ಎಂದಳು ಹೀರಾಬಾಯಿ. ಗೌಸಮೊಹಿದ್ದೀನ ಅವಳ ಕಡೆ ನೋಡದೆ ಜೀಪಿನ ಬಾಗಿಲು ಹಾಕಿದ.