ಎರಡನೇ ಕೋಟು

ನಾಟಕ ಕಂಪನಿಯ ಉಡುಪಿನ ಕೋಣೆಯಲ್ಲಿ ಎಲ್ಲ ಪಾತ್ರಗಳಿಗೂ ಎರಡೆರಡು ಕೋಟು. ಒಂದು ನಟನದು, ಇನ್ನೊಂದು, ನಟನ ಗಂಟಲು ಕಟ್ಟಿದರೆ ರಂಗಕ್ಕೆ ಹೋಗಬೇಕಾದ ಬದಲಿಯವನದು. ಆ ಕೋಣೆಯಲ್ಲೇ ಬೆಳೆದ ಹುಡುಗಿಯೊಬ್ಬಳ ಅಪ್ಪನೇ ಎಲ್ಲ ಪಾತ್ರಗಳಿಗೂ ಬದಲಿಯವನು. ರಾಜ, ವಕೀಲ, ಕುಡುಕ, ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಆದರೆ ಆ ಕಂಪನಿಯ ನಟರು ಒಬ್ಬೊಬ್ಬರೂ ಗುಂಡುಕಲ್ಲಿನ ಹಾಗಿದ್ದರು, ಹಾಳಾದವರಿಗೆ ಒಂದು ನೆಗಡಿಯೂ ಬರುತ್ತಿರಲಿಲ್ಲ. ಎಲ್ಲರೂ ಅಪ್ಪನನ್ನು ‘ಅಕಸ್ಮಾತ್’ ಎಂದೇ ಕರೆಯುತ್ತಿದ್ದರು. ಅವನೂ ಬಾಗಿಲಲ್ಲೇ ನಿಂತು, “ಏನ್ರಪ್ಪಾ, ಇವತ್ತಾದ್ರೂ ಯಾರಾದ್ರೂ ಕೆಮ್ಮಿದ್ರಾ?” ಎಂದು ಕೇಳಿ ನಗಿಸುತ್ತಿದ್ದ.

ಪ್ರತಿ ಆಟಕ್ಕೂ ಅಪ್ಪ ಕೋಟು ತೊಟ್ಟು ಪರದೆಯ ಪಕ್ಕ ನಿಂತು ತುಟಿಯಾಡಿಸುತ್ತಿದ್ದ. ಆಟ ಮುಗಿದ ಮೇಲೆ ಬೆವರೇ ಕಾಣದ ಆ ಕೋಟನ್ನು ಬಿಚ್ಚಿ ಅಮ್ಮನ ಕೈಗೆ ಕೊಡುತ್ತಿದ್ದ. ಅಮ್ಮ ಕಂಪನಿಯ ದರ್ಜಿ. ಅವಳು ಅದನ್ನೂ ಉಳಿದವರ ಕೋಟಿನಂತೆಯೇ ಗಾಳಿಗೆ ಹರವಿ, ಇಸ್ತ್ರಿ ಮಾಡಿ ತೂಗುಹಾಕುತ್ತಿದ್ದಳು. ಮಗಳು ಬೆಳೆದದ್ದು ಆ ಕೋಟುಗಳ ಕೆಳಗೆ, ಗುಂಡಿಗಳನ್ನು ಎಣಿಸಿಕೊಂಡು. ಎಂಥ ಒಳ್ಳೆಯ ದಿನಗಳವು!

ಈಗ ಅಪ್ಪ ಇಲ್ಲ. ಕಂಪನಿ ಚಿಕ್ಕ ಕಟ್ಟಡಕ್ಕೆ ಹೋಗುತ್ತಿತ್ತು. ಉಡುಪುಗಳ ಪಟ್ಟಿ ಮಾಡಿಕೊಡು ಎಂದು ಮ್ಯಾನೇಜರ್ ಅವಳನ್ನೇ ಕೇಳಿದ್ದ. ಪಟ್ಟಿಯಲ್ಲಿದ್ದದ್ದು ಹೊಸ ಕೋಣೆಗೆ, ಉಳಿದದ್ದು ಹಳೆ ಬಟ್ಟೆಯವನಿಗೆ. ಅವಳು ಒಂದೊಂದು ಕೋಟಿನ ನಾಟಕ, ಪಾತ್ರ, ತೊಟ್ಟವರ ಸರದಿ ಎಲ್ಲವನ್ನೂ ಹೆಸರುಚೀಟಿಯಂಥ ಟ್ಯಾಗುಗಳ ನಡುವೆ ಕೂರಿಸಿ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಎಂಎಲ್ ಕಡತ ಮಾಡಿದಳು. ಅದನ್ನು ಪಟ್ಟಿಯಾಗಿಸಲು ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಸ್ಟೈಲ್‌ಶೀಟ್ ಬರೆದಳು: ಒಂದೇ ಪಾತ್ರದವರನ್ನು ಗುಂಪು ಮಾಡು, ಗುಂಪಿನೊಳಗೆ ಸರದಿಯಂತೆ, ನಟ ಮೊದಲು ಬದಲಿಯವನು ಆಮೇಲೆ, ನಿಲ್ಲಿಸು. ಪಟ್ಟಿ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಅವಳು ಒಳಗೊಳಗೇ ಬೀಗಿದಳು.

ಸಾಗಿಸುವ ದಿನ ಅಮ್ಮ ಕನ್ನಡಕ ಏರಿಸಿ ಪಟ್ಟಿ ಓದಿದಳು. ಹಾಳೆ ತಿರುವಿದಳು. ಮತ್ತೆ ಮೊದಲಿಗೆ ಬಂದಳು.

“ನಿಮ್ಮಪ್ಪ ಎಲ್ಲೇ?”

“ಇರ್ತಾರಮ್ಮ, ಸರಿಯಾಗಿ ನೋಡು.”

“ಒಂದೊಂದು ಪಾತ್ರಕ್ಕೂ ಒಂದೇ ಕೋಟಿದೆ ಕಣೇ. ಅವರದ್ದು ಒಂದೂ ಇಲ್ಲ.”

ಮಗಳು ಲ್ಯಾಪ್‌ಟಾಪ್ ತೆರೆದು ಸ್ಟೈಲ್‌ಶೀಟ್ ನೋಡಿದಳು. ಗುಂಪಿನ ಮೊದಲನೆಯವರನ್ನು ಹಿಡಿದು ಸಾಲು ಬರೆ ಎಂದಿದ್ದಳು. ಗುಂಪಿನೊಳಗೆ ಇನ್ನೊಂದು ಸುತ್ತು ಬಂದು, ಉಳಿದವರನ್ನೂ ಬರೆ ಎನ್ನುವುದನ್ನು ಮರೆತಿದ್ದಳು. ಅಪ್ಪ ಯಾವ ಗುಂಪಿನಲ್ಲೂ ಮೊದಲನೆಯವನಲ್ಲ. ಅವನು ಬದುಕಿದ್ದಾಗ ಕಂಪನಿ ಮಾಡಿದ್ದನ್ನೇ ಈಗ ಮಗಳೂ ಮಾಡಿದ್ದಳು. ಅವಳಿಗೆ ಅಳು ಒತ್ತರಿಸಿ ಬಂತು.

“ಆಮೇಲೆ ಅಳುವಿಯಂತೆ, ಮೊದ್ಲು ಓಡು!” ಎಂದಳು ಅಮ್ಮ.

ಹಿತ್ತಲ ಬಾಗಿಲಲ್ಲಿ ಹಳೆ ಬಟ್ಟೆಯವನು ಗಂಟುಗಳನ್ನು ಗಾಡಿಗೆ ಏರಿಸುತ್ತಿದ್ದ. ಮಗಳು ಗಾಡಿಗೆ ಅಡ್ಡ ನಿಂತಳು.

“ಇಳಿಸಿ ಅಣ್ಣಾ, ಎಲ್ಲಾ ಇಳಿಸಿ. ಪಟ್ಟಿ ತಪ್ಪಾಗಿದೆ.”

“ಮ್ಯಾನೇಜರ್ ಕೊಟ್ಟಿದ್ದಮ್ಮ ಇದು.”

“ಪಟ್ಟಿ ಮಾಡಿದ ದಡ್ಡಿ ನಾನೇ. ಬೈಯೋದಿದ್ರೆ ನನಗೇ ಬೈಯಿರಿ.”

ಅವನು ಗೊಣಗುತ್ತಲೇ ಇಳಿಸಿದ. ಅಷ್ಟರಲ್ಲಿ ಬಂದ ಮ್ಯಾನೇಜರ್ ಮುಖ ಗಂಟಿಕ್ಕಿ, “ಅಲ್ಲಿ ಜಾಗ ಎಲ್ಲಮ್ಮಾ ಇದೆ?” ಎಂದ.

ಗಂಟು ಬಿಚ್ಚುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. “ನಾಳೆ ನಿಮ್ಮ ರಾಜನಿಗೆ ಜ್ವರ ಬಂದ್ರೆ ಬದಲಿಯವನು ಬನಿಯನ್ನಲ್ಲಿ ಹೋಗ್ತಾನಾ? ಒತ್ತಿ ಒತ್ತಿ ಹಾಕ್ತೀನಿ, ಹಿಡಿಸುತ್ತೆ.”

ಮ್ಯಾನೇಜರ್‌ಗೆ ನಗು ಬಂತು. ಸರಿ, ಹಾಕಿ ಎಂದು ಒಳಗೆ ಹೋದ.

ಮಗಳು ಬಟ್ಟೆಯ ರಾಶಿಯ ಪಕ್ಕದಲ್ಲೇ ಕುಳಿತು ಸ್ಟೈಲ್‌ಶೀಟ್‌ಗೆ ಬಿಟ್ಟುಹೋದ ಸುತ್ತನ್ನು ಸೇರಿಸಿದಳು. ಮತ್ತೆ ಪಟ್ಟಿ ತೆಗೆದಳು. ಪ್ರತಿ ನಟನ ಕೆಳಗೂ ಅಪ್ಪ ಬಂದ. ಅವಳ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು.

“ಅಮ್ಮಾ, ಸರದಿ ತಿರುಗಿಸಬಹುದು. ಒಂದೇ ಒಂದು ಪದ ಬದಲಾಯಿಸಿದ್ರೆ ಸಾಕು. ಎಲ್ಲ ಕಡೆ ಅಪ್ಪನೇ ಮೊದಲು ಬರ್ತಾರೆ.”

ಅಮ್ಮ ರಾಜನ ಎರಡನೇ ಕೋಟನ್ನು ಕೊಡವಿ, ಭುಜದ ಸುಕ್ಕನ್ನು ಅಂಗೈಯಲ್ಲಿ ತೀಡಿದಳು.

“ಬೇಡ ಕಣೇ. ನಿಮ್ಮಪ್ಪ ಗಾಬರಿಯಾಗ್ತಾರೆ. ಅವರ ಜಾಗ ಎರಡನೇದು, ಅಲ್ಲೇ ನಿಂತು ಕಾದವರು.” ಕೋಟನ್ನು ಮಗಳ ಕೈಗೆ ಕೊಟ್ಟಳು. “ಹಾಗೇ ಇರ್ಲಿ. ಆದ್ರೆ ಪಟ್ಟೀಲಿ ಇರ್ಲಿ.”