ಬೊಂಬೆಗೆ ಬಂದ ಕಲೆ

ಕಲೆ ಮತ್ತೆ ಬಂದಿತ್ತು.

ಬೊಂಬೆ ರಿಪೇರಿಯವನು ಚಹಾದ ಲೋಟವನ್ನು ಕೆಳಗಿಟ್ಟು, ಬಾಗಿ, ಬೊಂಬೆಯ ಎಡ ಮೊಣಕಾಲಿನ ಹಿಂಭಾಗವನ್ನು ನೋಡಿದ. ಮೊನ್ನೆಯಷ್ಟೇ ಅಲ್ಲಿ ಉಪ್ಪುಕಾಗದದಿಂದ ಉಜ್ಜಿ ಸ್ಪ್ರೇ ಹೊಡೆದಿದ್ದ. ಹಿಂದಿನ ವಾರವೂ ಹಾಗೇ ಮಾಡಿದ್ದ. ಎರಡು ಸಲವೂ ನುಣ್ಣಗೆ ಮುಚ್ಚಿಹೋಗಿತ್ತು. ಈಗ ಅದೇ ಜಾಗದಲ್ಲಿ, ಹಾಲು ಚೆಲ್ಲಿ ಒಣಗಿದಂಥ ಬಿಳಿಚು ಮಚ್ಚೆ, ಮೊದಲಿಗಿಂತ ಕೊಂಚ ದೊಡ್ಡದಾಗಿ ಕೂತಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತಂತೆ.

ಬಟ್ಟೆ ಅಂಗಡಿಗಳ ಬೊಂಬೆಗಳಿಗೆ ಮುರಿದ ಬೆರಳು ಅಂಟಿಸುವುದು, ಸೀಳಿದ ಕೆನ್ನೆ ತುಂಬುವುದು, ಮಾಸಿದ ಮೈಗೆ ಬಣ್ಣ ಹೊಡೆಯುವುದು ಅವನ ಕಸುಬು. ಮನೆಯ ಕೆಳಗಿನ ಆ ಕೋಣೆಯಲ್ಲಿ ಹಗ್ಗದ ಮೇಲೆ ಕೈಗಳು ಒಣಗುತ್ತವೆ, ಹಲಗೆಯ ಮೇಲೆ ತಲೆಗಳು ಸಾಲಾಗಿ ಬಾಗಿಲ ಕಡೆ ನೋಡುತ್ತವೆ. ಬೊಂಬೆಗೆ ಹೆದರುವವನಿಗೆ ಈ ಕಸುಬಲ್ಲಿ ಅನ್ನ ಹುಟ್ಟುವುದಿಲ್ಲ. ಆದರೂ ಇವತ್ತು ಈ ಒಂದು ಬೊಂಬೆಗೆ ಬೆನ್ನು ತಿರುಗಿಸಿ ಕೂರಲು ಅವನಿಗೆ ಮನಸ್ಸಾಗಲಿಲ್ಲ.

ಅದು ಮಗಳ ಬೊಂಬೆ. ಆಡುವುದಕ್ಕೆ ತಂದದ್ದಲ್ಲ.

ಹೋದ ವರ್ಷ ಮಗಳ ಸೊಂಟದಲ್ಲಿ, ತೊಡೆಯಲ್ಲಿ ಬಿಳಿಚು ಕಲೆಗಳು ಕಾಣಿಸಿಕೊಂಡಾಗ ಒಬ್ಬ ಡಾಕ್ಟರು ಹೊಟ್ಟೆಹುಳ ಅಂದರು, ಇನ್ನೊಬ್ಬರು ಮುಲಾಮು ಕೊಟ್ಟರು. ಪಕ್ಕದ ಮನೆಯಾಕೆ ಕೇಳುವ ಮೊದಲೇ ತೊನ್ನು ಎಂದು ತೀರ್ಪು ಕೊಟ್ಟಳು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸೊಂಟದಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದರು: "ಇದು ಚರ್ಮದ ಲಿಂಫೋಮಾ. ಕ್ಯಾನ್ಸರ್ ಜಾತಿಯದೇ, ಮುಚ್ಚಿಡಲ್ಲ. ಮಕ್ಕಳಿಗೆ ಬರೋದು ತುಂಬ ಅಪರೂಪ. ಆದ್ರೆ ಇದು ಓಡೋ ಕಾಯಿಲೆ ಅಲ್ಲ, ತೆವಳೋ ಕಾಯಿಲೆ. ದೊಡ್ಡ ಔಷಧಿ ಬೇಡ, ಬೆಳಕು ಕೊಡೋಣ. ನಿಮ್ಮ ಕೆಲಸ ಅಂದ್ರೆ ಕಾವಲು. ಹೊಸದು ಬಂದ್ರೆ, ಇದ್ದದ್ದು ಉಬ್ಬಿದ್ರೆ, ಕೆಂಪಾದ್ರೆ, ತಕ್ಷಣ ಕರ್ಕೊಂಡು ಬನ್ನಿ."

ಬೆಳಕು ಅಂದರೆ ಬೀರುವಿನಂಥ ಒಂದು ಪೆಟ್ಟಿಗೆ. ಒಳಗೆ ಸುತ್ತಲೂ ಉದ್ದನೆಯ ಟ್ಯೂಬುಗಳು. ಕಪ್ಪು ಕನ್ನಡಕ ಹಾಕಿಕೊಂಡು ಮಗು ಒಳಗೆ ನಿಲ್ಲಬೇಕು, ಬಾಗಿಲು ಮುಚ್ಚುತ್ತಾರೆ, ನೇರಳೆ ಬೆಳಕು ಹತ್ತುತ್ತದೆ. ಮೊದಲ ದಿನ ಹೊರಗೆ ಬಂದವಳೇ ಮಗಳು ಹೇಳಿದ್ದಳು: "ಅಪ್ಪಾ, ಒಳಗೆ ಇನ್ಯಾರೋ ಇದ್ದಾರೆ. ಉಸಿರು ಬಿಡ್ತಾರೆ."

"ಅದು ಫ್ಯಾನು ಕಣೇ ಗುಬ್ಬಿ."

"ಫ್ಯಾನು ನಾನು ಉಸಿರು ಹಿಡಿದಾಗ ತಾನೂ ಹಿಡಿಯುತ್ತಾ?"

ವಾರಕ್ಕೆ ಮೂರು ಸಲ ಹೋದರು. ಕಲೆಗಳ ಫೋಟೋ ತೆಗೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದರು, ಆದರೆ ಫೋನು ಹಿಡಿದರೆ ಗುಬ್ಬಿ ಮಂಚದ ಕೆಳಗೆ ಸೇರುತ್ತಿದ್ದಳು. ಆಗ ಅವನಿಗೆ ಹೊಳೆದದ್ದು ಬೊಂಬೆ. ಅವಳಷ್ಟೇ ಎತ್ತರದ ಒಂದನ್ನು ತಂದು, ಅವಳ ಕೈ ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲೆಸಿ ಮೈಗೆ ಹೊಡೆದ. ಪ್ರತಿ ಭಾನುವಾರ ಸ್ನಾನವಾದ ಮೇಲೆ, ಅವಳ ಮೈಮೇಲೆ ಎಲ್ಲೆಲ್ಲಿ ಕಲೆಯೋ ಬೊಂಬೆಯ ಮೇಲೂ ಅಲ್ಲಲ್ಲೇ ಕುಂಚದಿಂದ ಬರೆದ. ಇವಳಲ್ಲಿ ಚಿಕ್ಕದಾದರೆ ಅಲ್ಲೂ ಚಿಕ್ಕದು ಮಾಡಿದ. ಗುಬ್ಬಿಯೇ ಬೆರಳಿಟ್ಟು ತೋರಿಸುತ್ತಿದ್ದಳು. ಡಾಕ್ಟರಮ್ಮ ಮೊದಲು ನಕ್ಕರು, ಆಮೇಲೆ ಪ್ರತಿ ಸಲವೂ "ಎಲ್ಲಿ, ಬೊಂಬೆ ಫೋಟೋ ತೋರ್ಸಿ" ಎಂದು ತಾವೇ ಕೇಳತೊಡಗಿದರು.

ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ, ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದ ಅವನ ಹೆಂಡತಿ ಒಂದು ಸಂಜೆ ಬೊಂಬೆಯನ್ನೇ ಗದರಿದ್ದಳು: "ಕತ್ತಲಲ್ಲಿ ಯಾಕೆ ನಿಂತಿದ್ದೀಯೇ, ದೀಪ ಹಾಕಬಾರದಾ?" ಮೇಲಿಂದ ಮಗಳು "ನಾನಿಲ್ಲಿದ್ದೀನಮ್ಮಾ" ಅಂದಾಗ ಅವಳ ಕೈಚೀಲ ಕೆಳಗೆ ಬಿತ್ತು. ಅಂದಿನಿಂದ ಆಕೆಗೆ ಆ ಬೊಂಬೆ ಕಂಡರಾಗದು.

ಕಲೆಗಳೆಲ್ಲ ಹೋದವು. "ಸದ್ಯಕ್ಕೆ ಬೆಳಕು ನಿಲ್ಸೋಣ, ಕಾವಲು ಮಾತ್ರ ಬಿಡಬೇಡಿ" ಎಂದರು ಡಾಕ್ಟರಮ್ಮ. ಮೊದಲರ್ಧ ಹೆಂಡತಿಯ ಕಿವಿಗೆ ಬಿತ್ತು, ಉಳಿದರ್ಧ ಸಂತೋಷದಲ್ಲಿ ಕೊಚ್ಚಿಹೋಯಿತು. "ಸಾಕು ರೀ, ಮಗೂನ ವಾರವಾರ ಬಟ್ಟೆ ಬಿಚ್ಚಿಸಿ ನಿಲ್ಲಿಸೋದು. ಆ ಬೊಂಬೇನೂ ಆಚೆ ಕಳ್ಸಿ" ಅಂದಳು. ಅವನಿಗೂ ಸಾಕಾಗಿತ್ತು. ಮಕ್ಕಳ ಬಟ್ಟೆ ಅಂಗಡಿಯವನು ಒಂದು ಬೊಂಬೆ ಕೇಳಿದ್ದ. ಮೈಯೆಲ್ಲ ಒಂದೇ ಬಣ್ಣ ಹೊಡೆದು ಒಣಗಲು ಬಿಟ್ಟ. ಮರುದಿನವೇ ಮೊಣಕಾಲ ಹಿಂದೆ ಆ ಮಚ್ಚೆ ಮೊದಲ ಸಲ ಎದ್ದಿತ್ತು.

ಹಳೆಯ ಬಣ್ಣ ಸರಿಯಾಗಿ ಉಜ್ಜದಿದ್ದರೆ ಹೊಸದರ ಮೇಲೂ ಎದ್ದು ಕಾಣುವುದುಂಟು. ಅದೇ ಇರಬೇಕೆಂದು ಉಜ್ಜಿದ್ದ, ಹೊಡೆದಿದ್ದ. ಆದರೆ ಮೂರನೆಯ ಸಲ? ಅವನು ದೀಪವನ್ನು ಹತ್ತಿರ ಎಳೆದುಕೊಂಡ. ಆಗಲೇ ಅವನಿಗೆ ಅದು ಹೊಳೆಯಿತು. ಅವನು ಕಲೆ ಬರೆದದ್ದು ಸೊಂಟಕ್ಕೆ, ತೊಡೆಗೆ. ಮೊಣಕಾಲ ಹಿಂದೆ ಯಾವತ್ತೂ ಏನನ್ನೂ ಬರೆದಿರಲಿಲ್ಲ.

ಮಚ್ಚೆಯ ಅಂಚು ಕುಂಚದ್ದಲ್ಲ. ಬೆರಳಲ್ಲಿ ಒತ್ತೊತ್ತಿ ಬಳಿದದ್ದು, ಚಿಕ್ಕ ಬೆರಳು. ಒಂದು ಕಡೆ ರೇಖೆಗಳು ಸಹ ಮೂಡಿದ್ದವು.

ತಲೆಯೆತ್ತಿದ. ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು, ಎಷ್ಟು ಹೊತ್ತಿನಿಂದಲೋ. ಸ್ಕೂಲಿಗೆ ರಜೆ, ಸೆಕೆ ಬೇರೆ. ಆದರೂ ಕಾಲಿಗೆ ಮೊಣಕಾಲು ದಾಟುವ ಉದ್ದನೆಯ ಕಾಲುಚೀಲ. ವಾರದಿಂದ ಹಾಗೇ ಇದ್ದಾಳೆಂಬುದು ಅವನಿಗೆ ಈಗ ನೆನಪಾಯಿತು.

"ಬಾ ಇಲ್ಲಿ."

ಅವಳು ಬಂದು ಬೊಂಬೆಯ ಪಕ್ಕ ನಿಂತಳು. ಇಬ್ಬರದೂ ಒಂದೇ ಎತ್ತರ, ಒಂದೇ ಬಣ್ಣ. ಅವನು ಮೊಣಕಾಲೂರಿ ಕೂತು ಎಡಗಾಲಿನ ಚೀಲವನ್ನು ಮೆಲ್ಲಗೆ ಕೆಳಗೆ ಸರಿಸಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಬೊಂಬೆಯ ಮೇಲಿದ್ದಷ್ಟೇ ದೊಡ್ಡ ಮಚ್ಚೆ, ಅಲ್ಲಿದ್ದ ಜಾಗದಲ್ಲೇ.

"ಯಾಕೆ ಹೇಳಲಿಲ್ಲ ಮರೀ?"

"ಹೇಳಿದ್ನಲ್ಲ." ಅವಳು ಬೊಂಬೆಯ ಕಾಲನ್ನು ತೋರಿಸಿದಳು. "ನೀನು ನೋಡಿದೆ. ನೋಡಿ ಅಳಿಸ್ದೆ. ಹಂಗಾದ್ರೆ ನಂದೂ ಹೋಗುತ್ತೆ ಅಂತ ಸುಮ್ನಿದ್ದೆ. ಹೋಗ್ಲಿಲ್ಲ. ಅದಕ್ಕೇ ಮತ್ತೆ ಹೇಳ್ದೆ. ನೀನು ಮತ್ತೆ ಅಳಿಸ್ದೆ."

ಅವನಿಗೆ ಅಳು ಬಂತು, ಅತ್ತ. ಎರಡು ಸಲ ಉಜ್ಜಿದ ಕೈಯಿಂದಲೇ ಮಗಳ ಕಾಲನ್ನು ಹಿಡಿದು, ಬೆರಳು ಆಡಿಸಿ ನೋಡಿದ. ಉಬ್ಬಿರಲಿಲ್ಲ. ಕೆಂಪಿರಲಿಲ್ಲ. "ಅಮ್ಮನಿಗೆ ಹೇಳ್ಬೇಡ, ಅವಳು ಈಗೀಗ ನಗ್ತಾಳೆ" ಎಂದಳು ಗುಬ್ಬಿ.

"ಹೇಳ್ಬೇಕು ಗುಬ್ಬಿ. ಅಮ್ಮನೂ ಕಾವಲಲ್ಲಿ ಇದ್ದಾಳಲ್ಲ."

ಅಮ್ಮ ಕೆಳಗೆ ಬಂದಳು. ಕಾಲು ನೋಡಿದಳು, ಬೊಂಬೆಯ ಕಾಲನ್ನೂ ನೋಡಿದಳು. ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಮಸೂರ ಹಿಡಿದು ನೋಡಿದರು. "ಇದು ಹೋಗಿ ಬರೋ ನೆಂಟ, ಹೇಳಿದ್ನಲ್ಲ. ಇನ್ನೂ ಚಪ್ಪಟೆಯಾಗೇ ಇದೆ, ಬೇಗ ಬಂದಿದ್ದೀರಿ. ಬೆಳಕು ಇವತ್ತಿಂದಲೇ ಶುರು ಮಾಡೋಣ." ಬೇಗ ಎಂಬ ಮಾತಿಗೆ ಅವನು ತಲೆ ತಗ್ಗಿಸಿದ.

ಪೆಟ್ಟಿಗೆಯ ಬಾಗಿಲು ಮುಚ್ಚಿತು. ಮೇಲಿನ ಸಂದಿಯಿಂದ ನೇರಳೆ ಬೆಳಕು ಛಾವಣಿಗೆ ಹರಡಿತು. ಹೊರಗೆ ನಿಂತ ಅವನಿಗೆ ಒಳಗಿನ ಉಸಿರು ಮೊದಲ ಬಾರಿಗೆ ಕೇಳಿಸಿತು. ಫ್ಯಾನೇ ಇರಬೇಕು. ಅವನು ತನ್ನ ಉಸಿರು ಹಿಡಿದ. ಅದೂ ನಿಂತಂತಾಯಿತು.

"ಅಪ್ಪಾ, ಇದ್ದೀಯಾ?"

"ಇದ್ದೀನಿ ಮಗಳೇ. ಇಲ್ಲೇ ಇದ್ದೀನಿ."

ಮನೆಗೆ ಬಂದು, ಹೆಂಡತಿ ಮಗಳನ್ನು ಮೇಲೆ ಕರೆದೊಯ್ದ ಮೇಲೆ, ಅವನು ಕೆಳಕೋಣೆಯ ಬಾಗಿಲು ತೆರೆದ. ಬೊಂಬೆ ಇಟ್ಟಲ್ಲಿ ಇರಲಿಲ್ಲ. ಕಿಟಕಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ನಿಂತಿತ್ತು. ಕಣ್ಣಿಗೆ ಕಪ್ಪು ರಿಬ್ಬನ್ ಕಟ್ಟಿತ್ತು. ಆಸ್ಪತ್ರೆಗೆ ಹೊರಡುವ ಮೊದಲು ಗುಬ್ಬಿ ಒಂದು ಗಳಿಗೆ ಕೆಳಗೆ ಇಳಿದುಹೋಗಿದ್ದಳು.

ಕಿಟಕಿಯ ಬಿಸಿಲು ಮೊಣಕಾಲಿನಿಂದ ಜಾರಿ ಹಿಮ್ಮಡಿಗೆ ಬಂದಿತ್ತು. ಅವನು ಬೊಂಬೆಯನ್ನು ಎರಡೂ ಕೈಯಿಂದ ಹಿಡಿದು, ಮಚ್ಚೆಗೆ ಬಿಸಿಲು ತಾಗುವಷ್ಟು ಕಿಟಕಿಯ ಹತ್ತಿರಕ್ಕೆ ಸರಿಸಿ, ಕೆಲಸಕ್ಕೆ ಕೂತ.